ಹನಮೇಶನ ನಾಕು ಲಕ್ಷದ ಗಾಡಿ

ಧಾರವಾಡದ ಸಪ್ತಾಪುರದಲ್ಲಿ ಹನಮೇಶನ ಕಾರನ್ನು ನೋಡದವರು ಯಾರೂ ಇಲ್ಲ. ಅದು ಓಡಿದ್ದನ್ನು ನೋಡಿದವರು ಮಾತ್ರ ಬೆರಳೆಣಿಕೆಯಷ್ಟು. ಬಾಡಿಗೆ ಮನೆಯ ಗೇಟಿನ ಎದುರು, ಬೇವಿನ ಮರದ ಕೆಳಗೆ ಅದರ ಠಿಕಾಣಿ. ಕಂಪನಿಯವರು ಅದಕ್ಕೆ ಬಿಳಿ ಬಣ್ಣ ಬಳಿದು ಕಳಿಸಿದ್ದರು. ಉಳಿದ ಬಣ್ಣಗಳನ್ನು ಮರದ ಮೇಲಿನ ಕಾಗೆಗಳು ಬಿಡುವಾದಾಗಲೆಲ್ಲ ಹಚ್ಚಿದವು. ಓಣಿಯ ಹುಡುಗರಿಗೆ ಅದು ಕ್ರಿಕೆಟ್ ಸ್ಟಂಪು. ಕಾಲೇಜಿನ ಹುಡುಗಿಯರಿಗೆ ಹೋಗುತ್ತ ಬರುತ್ತ ಜಡೆ ಸರಿಮಾಡಿಕೊಳ್ಳುವ ಕನ್ನಡಿ. ಎದುರಿನ ಗಾದಿ ಅಂಗಡಿಯ ಗುಲಾಬಸಾಬನಿಗೆ ದಿಂಬಿನ ಕವರು ಒಣಗಿಸುವ ಕಟ್ಟೆ. ಕಾರು ಅಂದಮೇಲೆ ಅದಕ್ಕೊಂದು ಕಾರುಬಾರು ಇರಬೇಕಲ್ಲ, ಇದರದು ಇಷ್ಟೇ.

ಹನಮೇಶ ಹುಬ್ಬಳ್ಳಿ ವಿದ್ಯಾನಗರದ ಕಾಲೇಜೊಂದರ ಆಫೀಸಿನಲ್ಲಿ ಹೆಡ್ ಕ್ಲಾರ್ಕ. ಎರಡೂ ಊರಿನ ನಡುವೆ ಜಿಂಕೆಯ ಹೆಸರಿಟ್ಟುಕೊಂಡು ಓಡುವ ಚಿಗರಿ ಬಸ್ಸಿಗೆ ದಿನಾ ಹೋಗುತ್ತಿದ್ದ, ಚಿಗರಿ ಬಸ್ಸಿಗೇ ಬರುತ್ತಿದ್ದ. ಬಾಗಿಲಲ್ಲಿ ಆಮೆ ಕಟ್ಟಿಕೊಂಡು ಚಿಗರಿ ಹತ್ತಿ ಹೋಗುವುದು ಯಾಕೆ ಎಂದು ಯಾರಾದರೂ ಕೇಳಿದರೆ, “ಗಾಡಿಗೆ ಧೂಳ ಹತ್ತತೈತ್ರಿ” ಎನ್ನುತ್ತಿದ್ದ.

ಅವನು ಸುಳ್ಳುಗಾರನಲ್ಲ. ಆದರೆ ಊಟದ ಪಂಕ್ತಿಯಲ್ಲಿ ಕುಳಿತು ಎಲೆಯ ಮೇಲೆ ತುಪ್ಪ ಬಿತ್ತೆಂದರೆ ಅವನ ನಾಲಿಗೆಯೂ ಜಾರುತ್ತಿತ್ತು. ಮುಗದದಲ್ಲಿ ಆದದ್ದೂ ಅದೇ.

ಮುಗದ ಅವನ ಅಕ್ಕ ಸಾವಕ್ಕನನ್ನು ಕೊಟ್ಟ ಊರು. ಅಲ್ಲಿ ಆಕೆಯ ಮೈದುನನ ಮಗನ ಜವಳ ಇತ್ತು. ಹನಮೇಶ ಹೆಂಡತಿ ಸುಮಲತಾಳನ್ನು ಕೂರಿಸಿಕೊಂಡು ಕಾರಿನಲ್ಲೇ ಹೊರಟ. ಹೊರಟದ್ದು ಕಾರಿನಲ್ಲಿ ನಿಜ, ಊರೊಳಗೆ ಬಂದದ್ದು ಮಾತ್ರ ಊರ ಹುಡುಗರ ಭುಜಬಲದಲ್ಲಿ. ಊಟಕ್ಕೆ ಕುಳಿತಾಗ ಎದುರು ಸಾಲಿನ ಮುದುಕನೊಬ್ಬ ಹೋಳಿಗೆ ಮುರಿಯುತ್ತ ಕೇಳಿದ.

“ಏನೋ ಹನಮೇಶಾ, ನಿನ್ನ ಗಾಡಿ ನಮ್ಮ ಹುಡುಗರು ನೂಕ್ಕೋತ ತಂದ್ರಂತಲ್ಲ? ಪೆಟ್ರೋಲ್ ಉಳಸೂ ಹೊಸಾ ಪದ್ಧತಿ ಏನ ಇದು?”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸುವವನು ಸಾರಿನ ಬಕೆಟ್ಟು ಕೆಳಗಿಟ್ಟು ನಕ್ಕ. ಹನಮೇಶನ ಎಲೆಯ ಮೇಲೆ ಆಗತಾನೆ ತುಪ್ಪ ಬಿದ್ದಿತ್ತು.

“ನಗ್ರಿ, ನಗ್ರಿ. ಇದ ಗಾಡಿಗೆ ಹಳೀ ಗಾಡಿ ತಗೊಳ್ಳೂ ಬೆಂಗಳೂರ ಕಂಪನ್ಯಾವ್ರು ನಾಕು ಲಕ್ಷ ಕೊಡತೇವಿ ಅಂತ ದಿನಾ ಫೋನ್ ಮಾಡಾಕತ್ತಾರ. ನಾನ ಎತ್ತವಲ್ಲೆ.”

ನಗು ನಿಂತಿತು. ಹೋಳಿಗೆಯವನು ಕೇಳದೆಯೇ ಇನ್ನೊಂದು ಹಾಕಿ ಹೋದ. ನಿಜ ಏನೆಂದರೆ, ಕಂಪನಿಯವರು ಫೋನ್ ಮಾಡಿದ್ದು ಒಮ್ಮೆ. ಹೇಳಿದ್ದು ಒಂದು ಲಕ್ಷ ನಲವತ್ತು ಸಾವಿರ. ಅದೂ ಫೋಟೋ ನೋಡಿ. ಗಾಡಿ ನೋಡುವ ದುರ್ಭಾಗ್ಯ ಅವರಿಗೆ ಇನ್ನೂ ಒದಗಿರಲಿಲ್ಲ.

ಆ ಪಂಕ್ತಿಯ ಕೊನೆಯಲ್ಲಿ ಸಾವಕ್ಕನ ಗಂಡ ಲಕ್ಕಪ್ಪ ಕುಳಿತಿದ್ದ. ಲಕ್ಕಪ್ಪ ಒಳ್ಳೆಯ ರೈತ, ಒಳ್ಳೆಯ ಮನುಷ್ಯ, ಅದಕ್ಕಿಂತ ಹೆಚ್ಚಾಗಿ ಒಳ್ಳೆಯ ಕೇಳುಗ. ಟೀವಿಯಲ್ಲಿ ಬರುವ ಕೂದಲೆಣ್ಣೆಯ ಜಾಹೀರಾತನ್ನೂ ಕೈಕಟ್ಟಿ ಕೂತು ಪೂರ್ತಿ ನಂಬುವವನು. ಅವನು ಆ ನಾಕು ಲಕ್ಷವನ್ನು ಹೋಳಿಗೆಯ ಜೊತೆಗೇ ನುಂಗಿ, ಜೀರ್ಣಿಸಿಕೊಂಡು, ಮನಸ್ಸಿನಲ್ಲಿಟ್ಟುಕೊಂಡ.

ಊರಿಂದ ತಿರುಗಿ ಬಂದಮೇಲೆ ಸುಮಲತಾ ಹಟ ಹಿಡಿದಳು.

“ಇದನ್ನ ಮಾರಿಬಿಡ್ರಿ. ನೂಕಾಕ ಮಂದಿ ಇರೂ ಊರಿಗಷ್ಟ ಹೋಗೂದಂದ್ರ ಎಷ್ಟ ಊರಿಗೆ ಹೋಗಾಕಾಕ್ಕೈತಿ?”

ಹನಮೇಶ ಒಪ್ಪಿದ. ಮಾರಾಟಕ್ಕೆ ಮೊದಲು ವಾತಾವರಣ ಸಿದ್ಧವಾಗಬೇಕು ಎಂಬುದು ಅವನ ಸಿದ್ಧಾಂತ. ನೇರ ಗುಲಾಬಸಾಬನ ಅಂಗಡಿಗೆ ಹೋದ.

“ಕಾಕಾ, ಗಾಡಿ ನೋಡಾಕ ಯಾರರೆ ಬಂದ್ರ ನೀವು ಎರಡು ಛಲೋ ಮಾತು ಹೇಳಬೇಕು ನೋಡ್ರಿ.”

“ಎರಡ್ಯಾಕ ಸರ, ಇಪ್ಪತ್ತು ಹೇಳತೇನಿ. ಹುಟ್ಟಿದಾಗಿಂದ ಗಾದಿ ಮಾರಿ ಬಂದಾವ ನಾ. ಹಳೀ ಅರಳಿ ಹೊಸಾ ಗಾದ್ಯಾಗ ಹೆಂಗ ಮಾತಾಡತೈತಿ ಅಂತ ನನಗ ಗೊತ್ತಿಲ್ಲೇನು? ರೇಟ್ ಕೇಳಿದ್ರ ಏನ್ ಹೇಳ್ಲಿ?”

“ಕಂಪನಿ ನಾಕು ಲಕ್ಷಕ್ಕ ಬೇಡೇತಿ ಅನ್ರಿ.”

“ಆತು ಬಿಡ್ರಿ. ಇನ್ನ ಅದು ನನ್ನ ಗಾಡಿ ಅನ್ಕೊಳ್ರಿ.”

ಗುಲಾಬಸಾಬ ಮಾತು ಕೊಟ್ಟರೆ ಕೊಟ್ಟಂತೆ. ಈ ಗುಣವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಹನಮೇಶ ಮರೆತ.

ವಾತಾವರಣ ಸಿದ್ಧವಾಯಿತು, ಗಿರಾಕಿಯೂ ಸಿದ್ಧವಾಗಿಬಿಟ್ಟ. ಒಂದು ಸಂಜೆ ಲಕ್ಕಪ್ಪನ ಫೋನ್ ಬಂತು.

“ಹನಮೇಶಾ, ಗಾಡಿ ಯಾರಿಗಾದ್ರೂ ಕೊಟ್ಟಿ ಏನ?”

“ಇಲ್ಲ ಮಾಮಾ.”

“ಕೊಡಬ್ಯಾಡ. ನಾವ ತಗೋತೇವಿ. ನಿಮ್ಮಕ್ಕನ ರೊಟ್ಟಿಗೆ ಬೇಕಾಗೇತಿ.”

ಸಾವಕ್ಕ ಊರ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಖಡಕ್ ರೊಟ್ಟಿ ಮಾಡಿ ಸಪ್ತಾಪುರದ ಮೆಸ್ಸುಗಳಿಗೂ ಖಾನಾವಳಿಗಳಿಗೂ ಹಾಕುತ್ತಿದ್ದಳು. ಬುಟ್ಟಿಗಳು ಮುಂಜಾನೆಯ ಬಸ್ಸಿಗೆ ಬರಬೇಕು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಿದ್ದಾಗ ಜನ ಬುಟ್ಟಿಯ ಮೇಲೇ ಒರಗುತ್ತಿದ್ದರು. ಮುಗದದಲ್ಲಿ ಚಂದ್ರನಂತೆ ಹೊರಟ ರೊಟ್ಟಿ ಧಾರವಾಡದಲ್ಲಿ ನಕ್ಷತ್ರಗಳಾಗಿ ಇಳಿಯುತ್ತಿತ್ತು. ಒಡೆದ ರೊಟ್ಟಿಗೆ ಅರ್ಧ ಬೆಲೆ.

“ಭಾಳ ಛಲೋ ಆತು ಮಾಮಾ” ಎಂದ ಹನಮೇಶ, ನಿಜವಾದ ಖುಷಿಯಿಂದ.

“ನಾಕು ಲಕ್ಷ. ಕಂಪನಿಗಿಂತ ಒಂದು ರೂಪಾಯಿ ಕಡಿಮಿ ಕೊಡೂದಿಲ್ಲ ನಾ.”

ಹನಮೇಶ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. “ಅಷ್ಟು ರೊಕ್ಕ… ಎಲ್ಲಿಂದ ಮಾಮಾ?”

“ಅದ್ಯಾಕ ಚಿಂತಿ ನಿನಗ? ನಿಮ್ಮಕ್ಕನ ಬೋರಮಾಳ ಐತಲ್ಲ. ರವಿವಾರ ಬಂದು ಗಾಡಿ ಮಾತಾಡಿ ಹೋಗತೇವಿ, ಸೋಮವಾರ ಅದನ್ನ ಸರಾಫನ ಅಂಗಡಿಗೆ ಕೊಡೂದು. ಆಕಿನ ಅಂದ್ಲು.”

ಬೋರಮಾಳ ಅವ್ವನದು. ಸಣ್ಣವನಿದ್ದಾಗ ಹನಮೇಶ ಆ ಬಂಗಾರದ ಗುಂಡುಗಳನ್ನು ಬೆರಳಲ್ಲಿ ಉರುಳಿಸದೆ ನಿದ್ದೆ ಹೋದವನಲ್ಲ. ಅವ್ವ ಅದನ್ನು ಸಾವಕ್ಕನ ಮದುವೆಯಲ್ಲಿ ಆಕೆಯ ಕೊರಳಿಗೆ ಹಾಕಿದ್ದಳು. ಅವ್ವ ಹೋದಮೇಲೆ ಸಾವಕ್ಕ ಮನೆಗೆ ಬಂದಾಗಲೆಲ್ಲ ಹನಮೇಶನ ಕಣ್ಣು ಮೊದಲು ಅಕ್ಕನ ಕೊರಳಿಗೆ, ಆಮೇಲೆ ಮುಖಕ್ಕೆ ಹೋಗುತ್ತಿತ್ತು.

ಅವನು ಗಡಬಡಿಸಿ, “ಮಾಮಾ, ನಿಮಗಂತ ಕಡಿಮಿ ಮಾಡತೇನಿ. ಒಂದು ನಲವತ್ತ ಕೊಡ್ರಿ, ಸಾಕು” ಎಂದ.

ಲಕ್ಕಪ್ಪನ ದನಿ ಇಳಿಯಿತು.

“ಹನಮೇಶಾ, ನಾ ನಿನ್ನ ಭಿಕ್ಷಾ ಬೇಡಿದ್ನೇನು? ಮದವಿ ದಿನ ನಮ್ಮಪ್ಪ ಒಂದ ಮಾತು ಹೇಳಿದ್ದ, ಹೇಣ್ತಿ ತವರಮನ್ಯಾಗ ಚೌಕಾಶಿ ಮಾಡಬ್ಯಾಡ ಅಂತ. ಇವತ್ತಿನತನಾ ಮಾಡಿಲ್ಲ. ನಾಕು ಲಕ್ಷದ ಗಾಡಿ ಒಂದು ನಲವತ್ತಕ್ಕ ಹೊಡಕೊಂಡು ಬಂದ್ರ, ಹೇಣ್ತಿ ತವರು ತಿಂದ ಅಂತಾರ ಮಂದಿ. ಮಾರಿ ಎತ್ಕೊಂಡು ಅಡ್ಡಾಡೂದು ಹೆಂಗ ನಾ?”

ಫೋನ್ ಕಟ್ಟಾಯಿತು. ಸೋದರ ಎಂಬ ಶಬ್ದದ ಹೊಟ್ಟೆಯೊಳಗೇ ಒಂದು ದರ ಕುಳಿತಿದೆ. ಸೋದರಿಯ ಹೊಟ್ಟೆಯಲ್ಲಿ ದರಿ ಇದೆ, ಅಂದರೆ ಕಂದರ. ದರ ತಪ್ಪಿದವನು ದರಿಗೆ ಬೀಳುತ್ತಾನೆ. ಹನಮೇಶ ಕಾಲು ಜಾರಿ ಅಂಚಿಗೆ ನಿಂತಿದ್ದ.

“ಖರೇ ಹೇಳಿಬಿಡ್ರಿ” ಎಂದಳು ಸುಮಲತಾ. “ಸುಳ್ಳು ಹೇಳಿದ್ದೆ ಅನ್ರಿ. ಎರಡು ನಿಮಿಷದ ನಾಚಿಕಿ.”

“ಎರಡು ನಿಮಿಷದ್ದಲ್ಲ ಅದು. ಮುಗದ ಮಂದಿ ನಾ ಸತ್ತ ಮ್ಯಾಲೂ ನನ್ನ ತಿಥಿ ಊಟದಾಗ ಅದನ್ನ ಹೇಳಿ ನಗತಾರ.”

“ಮತ್ತ ಬೋರಮಾಳ?”

“ಅದನ್ನ ಮುಟ್ಟಾಕ ಬಿಡೂದಿಲ್ಲ ನಾ. ಗಾಡಿ ನೋಡಿ ಅವರ ಬ್ಯಾಡ ಅನ್ನಬೇಕು, ಇಲ್ಲಾ ರೇಟ್ ಅವರ ಇಳಸಬೇಕು. ಹಂಗ ಮಾಡತೇನಿ ನೋಡು.”

ಗಾಡಿಯನ್ನು ಅದರ ಬೆಲೆಗೆ ತಕ್ಕ ಸ್ಥಿತಿಗೆ ತರುವುದು ಅವನ ಯೋಜನೆ. ಮರುದಿನ ಮುಂಜಾನೆಯೇ ಅದನ್ನು ಕೆಮ್ಮಿಸುತ್ತ, ಸೀನಿಸುತ್ತ ಮೆಕ್ಯಾನಿಕ್ ಶಾಕೀರನ ಗ್ಯಾರೇಜಿಗೆ ತಂದ.

“ಶಾಕೀರ, ಇದನ್ನ ಜರಾ ಕೆಡಸಬೇಕಲ್ಲ.”

ಶಾಕೀರ ಕೈಯ ಎಣ್ಣೆ ಒರೆಸಿಕೊಂಡು, ಕಿವಿಯನ್ನೂ ಒರೆಸಿಕೊಂಡ. “ಏನ್ ಮಾಡಬೇಕ್ರಿ?”

“ಕೆಡಸಬೇಕು. ಕುಂತಾವ ಬ್ಯಾಡಪ್ಪಾ ಅಂತ ಇಳದು ಹೋಗಬೇಕು. ಆದ್ರ ಯಾರಿಗೂ ಪೆಟ್ಟಾಗಬಾರದು.”

“ಸರ, ಇದರಾಗ ಇನ್ನ ಕೆಡಸಾಕ ಜಾಗಾ ಎಲ್ಲೈತ್ರಿ?”

“ಹುಡುಕು. ನಮ್ಮ ಅಕ್ಕಗ ಕೊಡೂದೈತಿ, ಆ ರೊಟ್ಟಿ ಸಾವಕ್ಕಗ. ಅದಕ್ಕ ಹೇಳಾಕತ್ತೇನಿ” ಎಂದವನು, ದೂರದಲ್ಲಿ ಚಿಗರಿ ಕಂಡು ಓಟ ಕಿತ್ತ.

ಶಾಕೀರ ಬಹಳ ಹೊತ್ತು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ. ಇಷ್ಟು ವರ್ಷಗಳಲ್ಲಿ ಜನ ಅವನ ಹತ್ತಿರ ಗಾಡಿ ಕೆಡಿಸಿಕೊಂಡು ಹೋಗಿದ್ದುಂಟು, ಕೆಡಿಸು ಎಂದು ಬಾಯಿಬಿಟ್ಟು ಹೇಳಿದವರು ಇವರೇ ಮೊದಲಿಗರು. ಅದೂ ಒಡಹುಟ್ಟಿದ ಅಕ್ಕನಿಗೆ ಕೊಡುವ ಗಾಡಿ! ದಿನಾ ಮಧ್ಯಾಹ್ನ ಅವನು ತಿನ್ನುವುದು ಆ ಅಕ್ಕನದೇ ರೊಟ್ಟಿ. ಪಾಪ, ಆಫೀಸಿನ ತಾಪದಲ್ಲಿ ಸರ ಉಲ್ಟಾ ಮಾತಾಡಿದರು ಎಂದು ಅವನು ತೀರ್ಮಾನಿಸಿದ. ಬೇರೆ ಗಿರಾಕಿಗಳನ್ನೆಲ್ಲ ನಾಳೆ ಬಾ ಎಂದು ಕಳಿಸಿ, ಅದರ ಹೊಟ್ಟೆಗೆ ಕೈ ಹಾಕಿದ.

ಶನಿವಾರ ಸಂಜೆ ಗಾಡಿ ಗೇಟಿನ ಮುಂದೆ ಬಂದು ನಿಂತಿತು. ಹನಮೇಶ ಕಿಟಕಿಯಿಂದಲೇ ಕೇಳಿದ.

“ಆತೇನು?”

“ಆತ್ರಿ. ನೀವು ಅಂದಂಗ ಅಲ್ಲ, ನೀವು ಮನಸಿನ್ಯಾಗ ಅನ್ಕೊಂಡಂಗ ಮಾಡೇನಿ. ಅಕ್ಕಾರ ಗಾಡಿ, ನನಗ ಮಜೂರಿ ಬ್ಯಾಡ್ರಿ.”

ಹನಮೇಶನಿಗೆ ಕಣ್ಣು ತುಂಬಿ ಬಂತು. ಕೆಡಿಸಿದ್ದಕ್ಕೆ ಮಜೂರಿ ಬೇಡ ಎನ್ನುವಂಥ ಪ್ರಾಮಾಣಿಕತೆ ಈ ಕಾಲದಲ್ಲಿ ಎಲ್ಲಿ ಸಿಗುತ್ತದೆ?

ರವಿವಾರ ಲಕ್ಕಪ್ಪ, ಸಾವಕ್ಕ ಬಂದರು. ಲಕ್ಕಪ್ಪ ಇಸ್ತ್ರಿ ಅಂಗಿ ಹಾಕಿದ್ದ. ಸಾವಕ್ಕ ಒಂದು ಗಂಟು ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ತಂದಿದ್ದಳು. ಹನಮೇಶನ ಕಣ್ಣು ಅಕ್ಕನ ಕೊರಳಿಗೆ ಹೋಯಿತು. ಬೋರಮಾಳ ಇತ್ತು, ಅದಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜಿ ತೊಳೆದಂತಿತ್ತು. ಮಾರುವ ವಸ್ತುವನ್ನು ಹಾಗೆ ತೊಳೆಯುತ್ತಾರೆ.

ಚಹಾ ಮುಗಿಯುವಷ್ಟರಲ್ಲಿ ಹನಮೇಶ ಕೆಲಸ ಶುರು ಮಾಡಿದ. ಎಲ್ಲರನ್ನೂ ಬೇವಿನ ಮರದ ಕೆಳಗೆ ಕರೆತಂದು, ಹರಾಜು ಕೂಗುವವನಂತೆ ಎದೆ ಸೆಟೆಸಿ ನಿಂತು, ಮಾರಾಟಗಾರರ ಇತಿಹಾಸದಲ್ಲೇ ಯಾರೂ ಮಾಡದ ಭಾಷಣ ಮಾಡಿದ.

“ಮಾಮಾ, ಅಕ್ಕಾ, ಮೊದಲ ಹೇಳತೇನಿ. ಇದರ ಬ್ರೇಕ್ ಹಿಡಿದ್ರ ಹಿಡಿತು, ಇಲ್ಲಾ ಇಲ್ಲ. ಕ್ಲಚ್ ನಮ್ಮ ಮ್ಯಾನೇಜರ ಇದ್ದಂಗ, ಒತ್ತಿದ್ರೂ ಏಳೂದಿಲ್ಲ. ಮಳಿ ಬಂದ್ರ ಒಳಗ ಕುಂತಾವಗ ಕೊಡಿ ಬೇಕು. ಏರಿಗೆ ಹತ್ತೂದಿಲ್ಲ, ಇಳಕಲಕ್ಕ ನಿಲ್ಲೂದಿಲ್ಲ.”

“ಅಬಾಬಾಬಾ! ಏನ್ ಗಾಡ್ರಿ ಅದು!”

ಎದುರಿನಿಂದ ಗುಲಾಬಸಾಬ ಅರಳೆ ಕೊಡವುತ್ತ ಬರುತ್ತಿದ್ದ. ಹನಮೇಶನ ಮುಖ ಅರಳೆಯಷ್ಟೇ ಬೆಳ್ಳಗಾಯಿತು.

“ನಮಸ್ಕಾರ್ರಿ ಯಜಮಾನ್ರ. ಈ ಸಪ್ತಾಪುರದಾಗ ಎಷ್ಟೋ ಗಾಡಿ ಬಂದೂವು, ಹೋದೂವು. ಇದು ಮಾತ್ರ ನಿಂತ ಜಾಗಾ ಬಿಟ್ಟು ಅಲಗಾಡಿಲ್ಲ! ಅಂಥಾ ಘಟ್ಟಿ ಗಾಡಿ. ಒಳಗ ಕುಂತ್ರ ನನ್ನ ಅಂಗಡಿ ಗಾದಿಮ್ಯಾಲೂ ಇಂಥಾ ಸುಖ ಇಲ್ರಿ.”

“ಕಾಕಾ…” ಹನಮೇಶ ಕಣ್ಣು ಹೊಡೆದ.

ಗುಲಾಬಸಾಬ ಅದನ್ನು ಇನ್ನೂ ಜೋರು ಮಾಡು ಎಂದು ತಿಳಿದ. “ಕಂಪನಿ ನಾಕು ಲಕ್ಷಕ್ಕ ಬೇಡೇತ್ರಿ! ದಿನಾ ಫೋನು! ಸರಗ ಊಟಾ ಮಾಡಾಕ ಬಿಡವಲ್ಲರು.”

ಲಕ್ಕಪ್ಪ ಹೆಂಡತಿಯ ಕಡೆ ನೋಡಿ, ನಾ ಹೇಳಿರಲಿಲ್ಲವೇ ಎಂಬಂತೆ ತಲೆಯಾಡಿಸಿದ.

ಹನಮೇಶನಿಗೆ ಉಳಿದದ್ದು ಗಾಡಿಯೊಂದೇ. “ಬಾಯಿಮಾತು ಯಾಕ ಮಾಮಾ, ನೀವ ಹೊಡದು ನೋಡ್ರಿ. ಮೊದಲನೇದು ಇದು ಚಾಲೂನ ಆಗೂದಿಲ್ಲ.”

ಲಕ್ಕಪ್ಪ ಕುಳಿತು ಕೀಲಿ ಮುಟ್ಟಿದ. ಮುಟ್ಟುವುದನ್ನೇ ಕಾಯುತ್ತಿದ್ದ ಹಾಗೆ ಗಾಡಿ ಚಾಲೂ ಆಯಿತು. ಗುರ್ ಇಲ್ಲ, ಖೊರ್ ಇಲ್ಲ, ತೊಟ್ಟಿಲ ಕೂಸಿನಂತೆ ಉಸಿರಾಡುತ್ತ ನಿಂತಿತು. ಪ್ರತಿ ಮದುವೆಗೂ ಕುಡಿದು ಬರುವ ನೆಂಟ, ಇವತ್ತೊಂದೇ ದಿನ ಜಳಕ ಮಾಡಿ ವಿಭೂತಿ ಹಚ್ಚಿಕೊಂಡು ಬಂದರೆ ಹೇಗೆ ನೋಡುತ್ತೇವೋ, ಹನಮೇಶ ಗಾಡಿಯನ್ನು ಹಾಗೆ ನೋಡಿದ. ‘ಮನಸಿನ್ಯಾಗ ಅನ್ಕೊಂಡಂಗ’ ಎಂದ ಶಾಕೀರನ ಮಾತಿನ ಅರ್ಥ ಅವನಿಗೆ ಈಗ ಹೊಳೆಯಿತು.

ಯೂನಿವರ್ಸಿಟಿಯ ಏರಿಗೆ ಹೋದರು. ಎಂದೂ ಮುಚ್ಚದ ಬಾಗಿಲು ಪುಸಕ್ಕೆಂದು ಮುಚ್ಚಿಕೊಂಡಿತ್ತು. ಎರಡು ಕೈ ಹಚ್ಚಿ ಎಳೆಯಬೇಕಾದ ಗಾಜು ಒಂದು ಬೆರಳಿಗೆ ಇಳಿಯಿತು. ಏರು ಬಂದಾಗ ಹನಮೇಶ ಕಣ್ಣು ಮುಚ್ಚಿ, ಇನ್ನೇನು ನಿಲ್ಲುತ್ತದೆ ಎಂದು ಕಾದ. ತೆಗೆದಾಗ ಗುಡ್ಡದ ನೆತ್ತಿಯ ಮೇಲಿದ್ದರು.

“ಇದು ಇವತ್ತ ಒಂದ ದಿನ ಹಿಂಗ ಮಾಮಾ. ನಾಟಕಾ ಮಾಡಾಕತ್ತೈತಿ.”

“ಗಾಡಿ ಎಲ್ಲೆರೆ ನಾಟಕಾ ಮಾಡತೈತೇನೋ?”

“ಇದು ಮಾಡತೈತಿ! ಭಾಳ ಖೋಡಿ ಐತಿ ಇದು!”

ಹಿಂದಿನ ಸೀಟಿನಲ್ಲಿ ಸಾವಕ್ಕ ಸುಮ್ಮನೆ ಕುಳಿತು, ಬುಟ್ಟಿ ಎಷ್ಟು ಹಿಡಿಯಬಹುದೆಂದು ಗೇಣು ಹಾಕಿ ಅಳೆಯುತ್ತಿದ್ದಳು. ನಡುನಡುವೆ ತಮ್ಮನ ಹಿಂದಲೆಯನ್ನು ನೋಡುತ್ತಿದ್ದಳು. ಮಳೆಯಿಲ್ಲ, ಬಿಸಿಲೂ ಅಷ್ಟಿಲ್ಲ, ಆದರೆ ಅವನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

ಗೇಟಿಗೆ ಮರಳಿ ಬಂದಾಗ ಲಕ್ಕಪ್ಪ ಇಂಜಿನ್ ಬಂದ್ ಮಾಡಿ, ಇಳಿದು, ಬಾಗಿಲು ಹಾಕಿ, ಅಂಗಿ ಸರಿಮಾಡಿಕೊಂಡ.

“ಹನಮೇಶಾ, ನನಗ ತಿಳೀತು.”

“ಏನ್ ಮಾಮಾ?”

“ಕಂಪನ್ಯಾವ್ರು ರೇಟ್ ಏರಿಸ್ಯಾರ. ಅದಕ್ಕ ನಮ್ಮ ಕಡಿಂದನ ಬ್ಯಾಡ ಅನ್ನಸಬೇಕು ಅಂತ ನೀ ಮುಂಜಾನಿಯಿಂದ ಒದ್ದಾಡಾಕತ್ತಿ. ಹೌದಿಲ್ಲೋ?”

“ಇಲ್ಲ ಮಾಮಾ! ದೇವರಾಣಿ ಇಲ್ಲ!”

“ನಾಕೂವರಿ.”

“ಮಾಮಾ!”

“ಐದು.”

“ಐದು!” ಗುಲಾಬಸಾಬ ಕುರ್ಚಿಯಿಂದ ಎದ್ದ. “ಕೊಟ್ಟಬಿಡ್ರಿ ಸರ! ಇಂಥಾ ಗಿರಾಕಿ ಮತ್ತ ಸಿಗೂದಿಲ್ಲ!”

ಒಳಗೆ ಅಡುಗೆಮನೆಯಲ್ಲಿ ಸುಮಲತಾಳ ಕೈಯಿಂದ ಏನೋ ಬಿದ್ದ ಸದ್ದಾಯಿತು. ಲೋಕದಲ್ಲಿ ಗಿರಾಕಿ ಬೆಲೆ ಏರಿಸಿದರೆ ಮಾರುವವನು ಕುಣಿಯುತ್ತಾನೆ. ಇಲ್ಲಿ ಗಿರಾಕಿ ಏರಿಸಿದಷ್ಟೂ ಮಾರುವವನು ಕುಸಿಯುತ್ತಿದ್ದ.

ಸಾವಕ್ಕ ಗಂಡನ ಹತ್ತಿರ ಸರಿದು, ಯಾರಿಗೂ ಕೇಳಬಾರದೆಂಬ ದನಿಯಲ್ಲಿ ಅಂದಳು. “ಐದಕ್ಕ ಬೋರಮಾಳ ಒಂದ ಸಾಲೂದಿಲ್ಲರಿ. ಕೈಯಾಗಿನ ಪಾಟ್ಲಿನೂ ತಗಿಬೇಕಾಕ್ಕೈತಿ.”

ಹನಮೇಶನಿಗೆ ಕೇಳಿತು.

“ಒಂದು ನಲವತ್ತು!” ಎಂದು ಕೂಗಿದ ಅವನು. ಓಣಿಯ ಎರಡು ಮಹಡಿಗಳ ಕಿಟಕಿ ತೆರೆದವು. “ಕಂಪನ್ಯಾವ್ರು ಅಂದದ್ದು ಒಂದು ನಲವತ್ತು. ದಿನಾ ಅಲ್ಲ, ಒಮ್ಮೆ. ಅದೂ ಫೋಟೋ ನೋಡಿ. ನಾಕು ಲಕ್ಷ ನಾ ಹುಟ್ಟಿಸಿದ್ದು ಮಾಮಾ. ಸುಳ್ಳ ಹೇಳಿದ್ನಿ.”

“ಸುಳ್ಳ್ರಿ ಯಜಮಾನ್ರ!” ಗುಲಾಬಸಾಬ ಕೊಟ್ಟ ಮಾತಿಗೆ ತಪ್ಪಲಿಲ್ಲ. “ಈಗ ಹೇಳಾಕತ್ತಿದ್ದ ಸುಳ್ಳು! ನಾಕು ಅಂತ ಸರ ಸ್ವತಃ ನನಗ ಹೇಳ್ಯಾರ!”

“ಸಾಕ್ರಿ ಕಾಕಾ! ಮುಗೀತು!”

“ನಿಲ್ಲಸೂದಿದ್ರ ಮೊದಲ ಒಂದ ಮಾತು ಹೇಳಬೇಕಿಲ್ಲೋ ಸರ?” ಗುಲಾಬಸಾಬ ನೊಂದುಕೊಂಡು ಕುಳಿತ.

ಸಾವಕ್ಕ ತಮ್ಮನ ಎದುರಿಗೆ ಬಂದು ನಿಂತಳು. “ಹನಮ್ಯಾ, ಇದನ್ನ ಹೇಳಾಕ ಇಷ್ಟ ಹೊತ್ತು ಬೇಕಾತೇನೋ ನಿನಗ?”

“ಪಂಕ್ತ್ಯಾಗ ಎಲ್ಲಾರ ಮುಂದ ಅಂದಬಿಟ್ಟಿದ್ನೆಲ್ಲ ಅಕ್ಕಾ…”

“ಪಂಕ್ತಿ ಅವತ್ತ ಕೈ ತೊಳಕೊಂಡು ಎದ್ದು ಹೋತು. ನೀ ಒಬ್ಬಾವ ಇನ್ನೂ ಎಲಿಮುಂದ ಕುಂತಿ ನೋಡು.”

ಸಾವಕ್ಕ ಸೆರಗಿನಿಂದ ತಮ್ಮನ ಕುತ್ತಿಗೆಯ ಬೆವರು ಒರೆಸಿದಳು, ಒರೆಸಿದ ಕೈಯಿಂದಲೇ ತಲೆಗೊಂದು ಮೊಟಕಿದಳು.

ಲಕ್ಕಪ್ಪ ಇಷ್ಟು ಹೊತ್ತೂ ಚಪ್ಪಲಿ ನೋಡುತ್ತ ನಿಂತಿದ್ದ. ಅವನ ಮುಖ ಸಿಟ್ಟಿನದೂ ಆಗಿರಲಿಲ್ಲ, ನಗುವಿನದೂ ಅಲ್ಲ; ತುಂಬಿದ ಚೀಲವನ್ನು ಬೆನ್ನಿಂದ ಇಳಿಸಿದವನ ಮುಖ. ಕೆಮ್ಮಿ ಗಂಟಲು ಸರಿಮಾಡಿಕೊಂಡ. “ಆತು. ಹಂಗಾರ ಒಂದು ನಲವತ್ತು. ಕಂಪನಿ ರೇಟ್ ಅಂದ್ರ ಕಂಪನಿ ರೇಟ್. ತಾ ಕೈ.”

ಹನಮೇಶ ಕೈ ಚಾಚಿದ. ನಡುವೆ ಸಾವಕ್ಕನ ಕೈ ಬಂತು.

“ನಿಂದರ್ರಿ. ಒಂದು ನಲವತ್ತು ಭಾಳಾತು.”

ಲಕ್ಕಪ್ಪ ಬೆಚ್ಚಿಬಿದ್ದ. “ಸುಮ್ನಿರಬೇ! ತವರಮನ್ಯಾಗ ಚೌಕಾಶಿ ಮಾಡಬಾರದು!”

“ಅದು ನಿಮ್ಮಪ್ಪ ನಿಮಗ ಹೇಳಿದ್ದು. ನೀವು ಮಾಡಬ್ಯಾಡ್ರಿ. ಇದು ನನ್ನ ತವರು, ನಾ ಮಾಡತೇನಿ.” ಸೆರಗು ಸೊಂಟಕ್ಕೆ ಸಿಗಿಸಿದಳು. “ಎಂಬತ್ತು ಸಾವಿರ.”

“ಎಂಬತ್ತು!” ಮುಂಜಾನೆಯಿಂದ ಗಾಡಿಯ ಮಾನ ಕಳೆದವನಿಗೆ ಒಮ್ಮೆಲೇ ಗಾಡಿಯ ಮೇಲೆ ಅಭಿಮಾನ ಉಕ್ಕಿತು. “ಎಂಬತ್ತಕ್ಕ ಒಂದ ಛಲೋ ಎಮ್ಮಿ ಬರೂದಿಲ್ಲ ಅಕ್ಕಾ!”

“ಎಮ್ಮಿ ಹಾಲರೆ ಕೊಡತೈತಿ. ಇದರ ಬ್ರೇಕ್ ಹಿಡಿದ್ರ ಹಿಡಿತು, ಇಲ್ಲಾ ಇಲ್ಲ.”

“ಯಾರಂದ್ರು? ಬ್ರೇಕ್ ಹೊಸಾವ ಅದಾವ!”

“ನೀನ ಅಂದಿ. ಕ್ಲಚ್ ಮ್ಯಾನೇಜರ ಇದ್ದಂಗಂತ. ಮಳಿ ಬಂದ್ರ ಕೊಡಿ ಬೇಕಂತ. ನನ್ನ ರೊಟ್ಟಿ ತೊಯ್ದ್ರ ಮೆತ್ತಗ ಆಗತಾವ, ಮೆತ್ತಗಿನ ಖಡಕ್ ರೊಟ್ಟಿ ಯಾವ ತಿಂತಾನ?”

“ಅದು ಮುಂಜಾನಿ ಅಂದಿದ್ದು! ಏರಿಗೆ ಹೆಂಗ ಹತ್ತಿತು ನೋಡಿಲ್ಲೇನು ನೀ? ಒಂದು ಮೂವತ್ತು.”

“ಅದು ನಾಟಕಾ ಮಾಡಿತಂತಲ್ಲ. ತೊಂಬತ್ತು.”

“ಕಾಕಾ, ಏನರೆ ಹೇಳ್ರಿ!” ಹನಮೇಶ ಎದುರಿಗೆ ತಿರುಗಿದ.

“ಈಗ ನಾ ಹೊಗಳಬೇಕೋ ಬ್ಯಾಡೋ ಸರ? ಒಮ್ಮೆ ನಿಕ್ಕಿ ಮಾಡ್ರಿ.”

“ಹೊಗಳ್ರಿ!”

“ಅಬಾಬಾಬಾ, ಏನ್ ಗಾಡ್ರಿ…”

“ಗುಲಾಬಸಾಬಣ್ಣಾ,” ಎಂದಳು ಸಾವಕ್ಕ, ತಿರುಗಿ ನೋಡದೆ, “ನಾಳಿಂದ ನಿಮ್ಮ ಮನಿಗೆ ರೊಟ್ಟಿ ಬೇಕೋ ಬ್ಯಾಡೋ?”

ಗುಲಾಬಸಾಬ ಉಸಿರು ಒಳಗೆ ಎಳೆದುಕೊಂಡ. “…ಆದ್ರ ಸರ, ಅಕ್ಕಾರು ಹೇಳೂದ್ರಾಗೂ ಹುರುಳೈತ್ರಿ.”

ಆಮೇಲೆ ನಡೆದದ್ದು ಒಂದು ಯುದ್ಧ. ಸಣ್ಣವರಿದ್ದಾಗ ಒಂದು ಸೀತಾಫಲಕ್ಕೆ ಹೇಗೆ ಕಿತ್ತಾಡುತ್ತಿದ್ದರೋ ಹಾಗೆಯೇ. ಸಾವಕ್ಕ ಟೈರಿಗೆ ಕಾಲಿಂದ ಒದ್ದಳು, ಹನಮೇಶ ಟೈರನ್ನು ಅಪ್ಪಿಕೊಂಡ. ಆಕೆ ಗೀರುಗಳನ್ನು ತೋರಿಸಿದಳು, ಅವನು ಅವು ಡಿಸೈನು ಎಂದ. ಲಕ್ಕಪ್ಪ ಮುಖ ಮುಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ. ಆದರೆ ಬೆರಳ ಸಂದಿಯಿಂದ ಎಲ್ಲ ನೋಡುತ್ತಿದ್ದ, ಹೆಂಡತಿ ಇಳಿಸಿದಾಗಲೆಲ್ಲ ಅವನ ಮೀಸೆ ಅಲುಗುತ್ತಿತ್ತು. ಕೊನೆಗೆ ತಮ್ಮ ಒಂದು ಇಪ್ಪತ್ತಕ್ಕೆ, ಅಕ್ಕ ಒಂದು ಹದಿನೈದಕ್ಕೆ ಬಂದು ಗೂಟ ಹೊಡೆದು ನಿಂತರು.

ಹನಮೇಶನಿಗೆ ಉಪಾಯ ಹೊಳೆಯಿತು. “ಹಿಂಗ ಮಾಡು ಅಕ್ಕಾ. ಒಂದು ಹದಿನೈದು ರೊಕ್ಕಾ ಕೊಡು, ಉಳದ ಐದು ಸಾವಿರದ್ದು ರೊಟ್ಟಿ ಕೊಡು. ವಾರಾ ವಾರಾ ಮುರಕೊಂಡ್ರಾತು.”

ಸಾವಕ್ಕ ಸಿಗಿಸಿದ ಸೆರಗು ಮೆಲ್ಲಗೆ ಬಿಚ್ಚಿದಳು.

“ನಿನಗ ನಾ ರೊಟ್ಟಿ ಲೆಕ್ಕಕ್ಕ ಕೊಡಬೇಕೇನೋ?” ದನಿ ಒಡೆದಿತ್ತು. “ಅವ್ವ ಹ್ವಾದ ಮ್ಯಾಲ ಒಂದರೆ ಸಲ ಬರೇ ಕೈಲೆ ಈ ಮನಿಗೆ ಬಂದೇನೇನು ನಾ? ಅದಕ್ಕ ರೇಟ್ ಕಟ್ಟತೀ?”

ಹನಮೇಶ ಟೈರಿನ ಹತ್ತಿರದಿಂದ ಎದ್ದ.

“ತಪ್ಪಾತು ಅಕ್ಕಾ. ತಪ್ಪಾತು. ಒಂದು ಹದಿನೈದು. ಮುಗೀತು.”

“ಬ್ಯಾಡ. ಒಂದು ಇಪ್ಪತ್ತ ತಗೋ. ರೊಟ್ಟಿ ಮಾತು ಎತ್ತಬ್ಯಾಡ.”

“ಹದಿನೈದು ಅಂದೇನಿ!”

“ಇಪ್ಪತ್ತು!”

“ಏ, ಮತ್ತ ತಿರಗಾ ಮುರಗಾ ಸುರು ಆತಲ್ಲೋ!” ಲಕ್ಕಪ್ಪ ಕಟ್ಟೆಯಿಂದ ಜಿಗಿದ.

ಸುಮಲತಾ ಬಾಗಿಲಿಗೆ ಬಂದಳು. ಕೈಯಲ್ಲಿ ತಟ್ಟೆಗಳಿದ್ದವು. “ಒಂದು ಹದಿನೇಳೂವರಿ. ಇಬ್ಬರೂ ಕೈ ತೊಳಕೊಂಡು ಒಳಗ ಬರ್ರಿ, ಉಪ್ಪಿಟ್ಟು ಆರಾಕತ್ತೈತಿ.”

ಬೆಲೆ ಅಲ್ಲಿಗೆ ನಿಂತಿತು. ಉಪ್ಪಿಟ್ಟಿನ ಮುಂದೆ ಸಾವಕ್ಕ ಹೇಳಿದಳು, ಊರ ಸಂಘದಲ್ಲಿ ತನ್ನ ರೊಟ್ಟಿ ರೊಕ್ಕ ಅಷ್ಟು ಕೂಡಿದೆ, ಸೋಮವಾರ ತೆಗೆಸುತ್ತೇನೆ, ಸರಾಫನ ಹತ್ತಿರ ಹೋಗುವ ಕಾರಣವಿಲ್ಲ ಎಂದು. ಹನಮೇಶ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡ. ಲಕ್ಕಪ್ಪ ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಂಡ.

ರೊಕ್ಕ ಆಮೇಲೆ ಕೊಡಿ, ಗಾಡಿ ಈಗಲೇ ಒಯ್ಯಿರಿ ಎಂದು ಹನಮೇಶ ಹಟ ಹಿಡಿದ. ಲಕ್ಕಪ್ಪ ಸ್ಟೇರಿಂಗಿಗೆ ಕುಂಕುಮ ಹಚ್ಚಿ ಕುಳಿತ. ಸಾವಕ್ಕ ಪಕ್ಕದಲ್ಲಿ ಕುಳಿತು ಬೆಲ್ಟು ಎಳೆದುಕೊಂಡಳು, ಅದರ ಅಡಿಗೆ ಸಿಕ್ಕ ಬೋರಮಾಳವನ್ನು ಬಿಡಿಸಿ ಮೇಲೆ ಹಾಕಿಕೊಂಡಳು, ಕಿಟಕಿಯಿಂದ ತಲೆ ಹೊರಗಿಟ್ಟಳು.

“ಹನಮ್ಯಾ, ಇನ್ನ ಪಂಚಮಿಗೆ ನನ್ನ ಕರಿಯಾಕ ಬರೂ ತ್ರಾಸ ತಗೋಬ್ಯಾಡ. ಗಾಡಿ ಐತಿ, ನಾನ ಬರತೇನಿ.”

ಹನಮೇಶನ ಮುಖ ಬಾಡಿತು. ನಾಗರಪಂಚಮಿಗೆ ತಮ್ಮ ಹೋಗಿ ಕರೆಯದಿದ್ದರೆ ಅಕ್ಕ ಬಂದರೂ ಬಂದಂತಲ್ಲ. ಕಿಟಕಿಯ ಗಾಜು ಹಿಡಿದುಕೊಂಡು ಗಾಡಿಯ ಜೊತೆ ನಾಲ್ಕು ಹೆಜ್ಜೆ ಹಾಕಿದ.

“ಅದೆಲ್ಲಾ ನಡಿಯೂದಿಲ್ಲ. ನಾ ಬರತೇನಿ. ಬಸ್ಸಿಗೆ ಮುಗದಕ್ಕ ಬಂದು, ನಿನ್ನ ಗಾಡ್ಯಾಗ ಕುಂತು, ನಿನ್ನ ಕರಕೊಂಡು ಬರತೇನಿ.”

ಲಕ್ಕಪ್ಪ ಗಾಡಿ ನಿಲ್ಲಿಸಿದ. ಸಾವಕ್ಕ ತಮ್ಮನನ್ನು ದಿಟ್ಟಿಸಿ ನೋಡಿದಳು, ತುಟಿಯ ಮೂಲೆಯಲ್ಲಿ ನಗು ಸುಳಿಯಿತು.

“ಬಾ ಮತ್ತ. ಆದ್ರ ಪೆಟ್ರೋಲ್ ಯಾರದು?”

ಎದುರಿನ ಅಂಗಡಿಯಲ್ಲಿ ಗುಲಾಬಸಾಬ ಎದ್ದು ಒಳಗೆ ಹೊರಟಿದ್ದವನು, ಕುರ್ಚಿ ಮತ್ತೆ ರಸ್ತೆಯ ಕಡೆ ತಿರುಗಿಸಿಕೊಂಡು ಕುಳಿತ.